ವಾಲ್‌ಚಂದ್ ಹೀರಾಚಂದ್

ವಾಲ್‌ಚಂದ್ ಹೀರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಭಾರತದ ಕೈಗಾರಿಕೋದ್ಯಮಿ. ವಿಜಯಪುರ ಜಿಲ್ಲೆಗೆ ಹೊಂದಿಕೊಂಡಿರುವ, ಕನ್ನಡಿಗರೂ ಗಣನೀಯ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ ಜನಿಸಿದ ಅವರು ಹಡಗು ಸಾರಿಗೆ, ಕಟ್ಟಡ ನಿರ್ಮಾಣ, ಸಕ್ಕರೆ, ವಿಮಾನ ಮತ್ತು ಮೋಟಾರು ವಾಹನ ಉದ್ಯಮಗಳನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ, ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಎಂಬ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದು ಕರ್ನಾಟಕದ ಇತಿಹಾಸಕ್ಕೆ ಅವರ ಮುಖ್ಯ ಕೊಡುಗೆ. ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಸಂಸ್ಥೆಯ ಮೂಲ ಈ ಕಾರ್ಖಾನೆಯೇ ಆಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಾಲ್‌ಚಂದರ ಪೂರ್ವಜರು ಗುಜರಾತಿನ ವಾಂಕಾನೇರ್ ಕಡೆಯಿಂದ ವಲಸೆ ಬಂದ ದಿಗಂಬರ ಜೈನ ವರ್ತಕರು. ತಂದೆ ಹೀರಾಚಂದ್ ನೇಮಚಂದ್ ಸೊಲ್ಲಾಪುರದಲ್ಲಿ ಹತ್ತಿ ವ್ಯಾಪಾರ ಮತ್ತು ಲೇವಾದೇವಿ ನಡೆಸುತ್ತಿದ್ದರು. ಜೈನ ಸಮಾಜ ಸುಧಾರಕರೆಂದೂ ಹೆಸರಾಗಿದ್ದರು. ಆಗ ಸೊಲ್ಲಾಪುರ, ವಿಜಯಪುರ ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸೊಲ್ಲಾಪುರದ ಬಳಿಯ ಹೋಟಗಿಯಿಂದ ವಿಜಯಪುರದ ಮೂಲಕ ಗದಗಕ್ಕೆ ಹೋಗುವ ರೈಲುಮಾರ್ಗವು ವಾಲ್‌ಚಂದರ ಬಾಲ್ಯದಲ್ಲಿಯೇ ಆರಂಭವಾಗಿ ಈ ಭಾಗದ ವ್ಯಾಪಾರವನ್ನು ಇನ್ನಷ್ಟು ಹತ್ತಿರಕ್ಕೆ ತಂದಿತು.

ವಾಲ್‌ಚಂದ್ 1899ರಲ್ಲಿ ಸೊಲ್ಲಾಪುರದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಓದಿದರು. ಪದವಿ ಪೂರ್ಣಗೊಳಿಸದೆ ಮನೆತನದ ವ್ಯವಹಾರಕ್ಕೆ ಮರಳಿದರಾದರೂ ಹತ್ತಿ ಮತ್ತು ಲೇವಾದೇವಿಯಲ್ಲಿ ಅವರಿಗೆ ಆಸಕ್ತಿ ಮೂಡಲಿಲ್ಲ.

ಗುತ್ತಿಗೆ ವ್ಯವಹಾರ ಮತ್ತು ಹಡಗು ಸಾರಿಗೆ

ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರೊಡನೆ ಪಾಲುದಾರಿಕೆ ಮಾಡಿಕೊಂಡು, ಬಾರ್ಶಿ ಲೈಟ್ ರೈಲ್ವೆಯ ಕಾಮಗಾರಿಯ ಮೂಲಕ ವಾಲ್‌ಚಂದ್ ಗುತ್ತಿಗೆದಾರರಾದರು. ಮುಂದೆ ಭೋರ್ ಘಾಟಿನ ರೈಲ್ವೆ ಸುರಂಗಗಳು, ಮುಂಬಯಿಗೆ ತಾನ್ಸಾ ಕೆರೆಯ ನೀರು ತರುವ ಕೊಳವೆಮಾರ್ಗ ಮೊದಲಾದ ದೊಡ್ಡ ಕಾಮಗಾರಿಗಳನ್ನು ಅವರ ಸಂಸ್ಥೆಗಳು ನಿರ್ವಹಿಸಿದವು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಸ್ಥಾಪನೆಯಾಯಿತು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ನರೋತ್ತಮ ಮುರಾರ್ಜಿ ಮೊದಲಾದವರೊಡನೆ ಸೇರಿ, ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರಿಂದ ಲಾಯಲ್ಟಿ ಎಂಬ ಹಡಗನ್ನು ಕೊಂಡು, 1919ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಆರಂಭಿಸಿದರು. ಅದೇ ವರ್ಷದ ಏಪ್ರಿಲ್ 5ರಂದು ಈ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ಭಾರತದಲ್ಲಿ ರಾಷ್ಟ್ರೀಯ ಕಡಲಯಾನ ದಿನವನ್ನಾಗಿ ಆಚರಿಸಲಾಗುತ್ತಿದೆ. ಬ್ರಿಟಿಷ್ ಕಂಪನಿಗಳು ಸಾಗಣೆ ದರವನ್ನು ಇಳಿಸಿ ಈ ಭಾರತೀಯ ಕಂಪನಿಯನ್ನು ಮುಳುಗಿಸಲು ಯತ್ನಿಸಿದವು. 1923ರ ಒಪ್ಪಂದದಂತೆ ಸಿಂಧಿಯಾ ಕಂಪನಿ ಕರಾವಳಿ ಸಾರಿಗೆಗಷ್ಟೇ ಸೀಮಿತಗೊಳ್ಳಬೇಕಾಯಿತು. 1929ರಿಂದ 1950ರವರೆಗೆ ವಾಲ್‌ಚಂದ್ ಅದರ ಅಧ್ಯಕ್ಷರಾಗಿದ್ದರು. ಸಾಗಣೆಯಷ್ಟೇ ಅಲ್ಲ, ಹಡಗು, ವಿಮಾನ, ಮೋಟಾರುಗಳ ತಯಾರಿಕೆಯೂ ಭಾರತೀಯರ ಕೈಯಲ್ಲಿರಬೇಕೆಂಬುದು ಅವರ ಮುಂದಿನ ಎಲ್ಲ ಯೋಜನೆಗಳ ಗುರಿಯಾಗಿತ್ತು.

ನಾಸಿಕ ಜಿಲ್ಲೆಯ ರಾವಳಗಾಂವ್ ಮತ್ತು ಪುಣೆ ಜಿಲ್ಲೆಯ ವಾಲ್‌ಚಂದ್‌ನಗರಗಳಲ್ಲಿ ಕಬ್ಬಿನ ತೋಟ ಮತ್ತು ಸಕ್ಕರೆ ಕಾರ್ಖಾನೆಗಳನ್ನೂ ಅವರು ಬೆಳೆಸಿದರು.

ಬೆಂಗಳೂರಿನ ವಿಮಾನ ಕಾರ್ಖಾನೆ

ಹಿನ್ನೆಲೆ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಭಾರತದಲ್ಲಿ ವಿಮಾನ ತಯಾರಿಸುವ ಒಂದೂ ಕಾರ್ಖಾನೆ ಇರಲಿಲ್ಲ. ಆ ವರ್ಷ ಅಮೆರಿಕದಿಂದ ಪೆಸಿಫಿಕ್ ಸಾಗರದ ಮೇಲೆ ವಿಮಾನದಲ್ಲಿ ಮರಳುತ್ತಿದ್ದಾಗ ವಾಲ್‌ಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಪರಿಚಯವಾಯಿತು. ಪಾಲಿ ಆಗ ಚೀನಾ ಸರ್ಕಾರಕ್ಕಾಗಿ ವಿಮಾನ ಕಾರ್ಖಾನೆಯನ್ನು ನಡೆಸುತ್ತಿದ್ದರು. ಅಂಥದೇ ಕಾರ್ಖಾನೆಯನ್ನು ಭಾರತದಲ್ಲಿ ತೆರೆಯುವ ಪ್ರಸ್ತಾವವನ್ನು ವಾಲ್‌ಚಂದ್ ಭಾರತ ಸರ್ಕಾರದ ಮುಂದಿಟ್ಟರು. ಸರ್ಕಾರ ಮೊದಲು ಉತ್ಸಾಹ ತೋರಲಿಲ್ಲ. 1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾಗಿ, ಬ್ರಿಟನ್ನಿನಿಂದ ವಿಮಾನಗಳು ದೊರೆಯುವ ಭರವಸೆ ಕ್ಷೀಣಿಸಿದ ಮೇಲೆ ಅದರ ನಿಲುವು ಬದಲಾಯಿತು.

ಸ್ಥಾಪನೆ

ಸ್ಥಳಕ್ಕಾಗಿ ಹಲವು ದೇಶೀಯ ಸಂಸ್ಥಾನಗಳನ್ನು ಸಂಪರ್ಕಿಸಲಾಯಿತು. ಅವುಗಳಲ್ಲಿ ಮೈಸೂರು ಶೀಘ್ರವಾಗಿ ಒಪ್ಪಿಗೆ ನೀಡಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತವು ಬೆಂಗಳೂರಿನ ಪೂರ್ವಕ್ಕೆ ಸುಮಾರು 700 ಎಕರೆ ಭೂಮಿಯನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಒದಗಿಸಿತು. ಶಿವನಸಮುದ್ರದ ಜಲವಿದ್ಯುತ್, ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಭಾರತೀಯ ವಿಜ್ಞಾನ ಸಂಸ್ಥೆ, ಕರಾವಳಿಯಿಂದ ದೂರವಿರುವ ಸುರಕ್ಷಿತ ನೆಲೆ, ಹಿತವಾದ ಹವೆ ಇವೆಲ್ಲ ಬೆಂಗಳೂರಿಗೆ ಅನುಕೂಲವಾಗಿದ್ದವು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ವಾಲ್‌ಚಂದ್ ಅದರ ಅಧ್ಯಕ್ಷರಾದರು. 1941ರಲ್ಲಿ ಭಾರತ ಸರ್ಕಾರವೂ 25 ಲಕ್ಷ ರೂಪಾಯಿ ತೊಡಗಿಸಿ ಮೂರನೇ ಒಂದು ಪಾಲಿನ ಒಡೆತನ ಪಡೆಯಿತು.

ಯುದ್ಧಕಾಲದ ಉತ್ಪಾದನೆ

ಹಾರ್ಲೋ ತರಬೇತಿ ವಿಮಾನ, ಕರ್ಟಿಸ್ ಹಾಕ್ ಯುದ್ಧವಿಮಾನ ಮತ್ತು ವಲ್ಟಿ ಬಾಂಬರ್‌ಗಳ ತಯಾರಿಕೆಯ ಆದೇಶ ಕಾರ್ಖಾನೆಗೆ ದೊರೆಯಿತು. ಯಂತ್ರೋಪಕರಣ, ಎಂಜಿನ್ ಮತ್ತು ಬಿಡಿಭಾಗಗಳು ಅಮೆರಿಕದಿಂದ ಹಡಗಿನಲ್ಲಿ ಬರಬೇಕಾಗಿತ್ತು. ವಿಮಾನದ ಹೊರಮೈಗೆ ಬೇಕಾದ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ದೇಶದಲ್ಲಿ ದೊರೆಯುತ್ತಿರಲಿಲ್ಲ. ಕೇರಳದ ಅಲುಪುರಂನಲ್ಲಿ ಅಲ್ಯೂಮಿನಿಯಂ ತಯಾರಿಸುವ ಕೆಲಸ ಆರಂಭವಾದದ್ದು 1943ರಲ್ಲಿ. ಆದ್ದರಿಂದ ಆರಂಭದ ಕೆಲಸವು ಮುಖ್ಯವಾಗಿ ಜೋಡಣೆಯದಾಗಿತ್ತು. ತಗಡನ್ನು ಅಚ್ಚಿಗೆ ತಕ್ಕಂತೆ ಬಾಗಿಸುವುದು, ಚೌಕಟ್ಟಿಗೆ ರಿವೆಟ್ ಹೊಡೆದು ಕೂಡಿಸುವುದು, ಎಂಜಿನ್ ಬಿಚ್ಚಿ ಮರುಜೋಡಿಸುವುದು ಇವೆಲ್ಲ ಅಲ್ಲಿನ ಕೆಲಸಗಾರರಿಗೆ ಹೊಸ ಕಸುಬುಗಳಾಗಿದ್ದವು.

ಕಂಪನಿ ನೋಂದಣಿಯಾಗಿ ಎಂಟು ತಿಂಗಳೊಳಗೆ, 1941ರ ಆಗಸ್ಟ್‌ನಲ್ಲಿ, ಇಲ್ಲಿ ಜೋಡಿಸಿದ ಮೊದಲ ಹಾರ್ಲೋ ವಿಮಾನ ಹಾರಿತು. 1942ರಲ್ಲಿ ಹಾಕ್ ಯುದ್ಧವಿಮಾನ ಸಿದ್ಧವಾಯಿತು. ಡಾ. ವಿ. ಎಂ. ಘಾಟಗೆ ಅವರ ವಿನ್ಯಾಸದ ಹತ್ತು ಆಸನಗಳ ಸೈನಿಕ ಗ್ಲೈಡರ್ ಕೂಡ ಈ ಅವಧಿಯಲ್ಲಿಯೇ ನಿರ್ಮಾಣವಾಯಿತು. ಘಾಟಗೆ ಅವರ ನೇತೃತ್ವದಲ್ಲಿ 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗವೂ ಆರಂಭವಾಯಿತು.

ಸರ್ಕಾರದ ವಶಕ್ಕೆ

1941ರ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕೆ ಇಳಿದು, 1942ರ ಮಾರ್ಚ್‌ನಲ್ಲಿ ರಂಗೂನ್ ಪತನವಾಯಿತು. ಹೊಸ ವಿಮಾನಗಳನ್ನು ತಯಾರಿಸುವುದಕ್ಕಿಂತ, ಯುದ್ಧರಂಗದಿಂದ ಬಂದ ವಿಮಾನಗಳನ್ನು ದುರಸ್ತಿಗೊಳಿಸಿ ಹಿಂದಿರುಗಿಸುವುದು ಸರ್ಕಾರಕ್ಕೆ ಹೆಚ್ಚು ತುರ್ತಿನ ಕಾರ್ಯವಾಯಿತು. 1942ರ ಏಪ್ರಿಲ್ 2ರಂದು ವಾಲ್‌ಚಂದ್ ಮತ್ತು ಅವರ ಸಹ ಪ್ರವರ್ತಕರ ಪಾಲನ್ನು ಸರ್ಕಾರ ಖರೀದಿಸಿರುವುದಾಗಿ ಪ್ರಕಟಿಸಲಾಯಿತು. ಮೈಸೂರು ಸಂಸ್ಥಾನವು ತನ್ನ ಪಾಲನ್ನು ಮಾರಲು ಒಪ್ಪದೆ, ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ಹೀಗೆ ಕಾರ್ಖಾನೆ ಆರಂಭವಾಗಿ ಹದಿನಾರು ತಿಂಗಳು ತುಂಬುವ ಮೊದಲೇ ಅದರ ಸ್ಥಾಪಕರ ಸಂಬಂಧ ಕಡಿಯಿತು.

1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಲಾಯಿತು. 84ನೆಯ ಏರ್ ಡಿಪೋ ಎಂದು ಕರೆಯಲ್ಪಟ್ಟ ಇಲ್ಲಿ ಚೀನಾ, ಬರ್ಮಾ, ಭಾರತ ಯುದ್ಧರಂಗದ ಬಾಂಬರ್ ಮತ್ತು ಸಾಗಣೆ ವಿಮಾನಗಳ ಸಂಪೂರ್ಣ ದುರಸ್ತಿ ನಡೆಯಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳಿಗಾಗಿ ಸಮೀಪದ ಬೆಳ್ಳಂದೂರು ಕೆರೆಯನ್ನು ಬಳಸಲಾಗುತ್ತಿತ್ತು. ಯುದ್ಧ ಮುಗಿಯುವ ವೇಳೆಗೆ ಇದು ಪೂರ್ವದೇಶಗಳ ಅತಿ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು.

ಐತಿಹಾಸಿಕ ಛಾಯಾಚಿತ್ರಗಳು

ಬೆಂಗಳೂರು ಕಾರ್ಖಾನೆಯ ಯುದ್ಧಕಾಲದ ಕೆಲಸವು ಕಪ್ಪು ಬಿಳುಪಿನ ಛಾಯಾಚಿತ್ರಗಳಲ್ಲಿ ದಾಖಲಾಗಿದೆ. ಹ್ಯಾಂಗರ್‌ನಲ್ಲಿ ದುರಸ್ತಿಗೆ ನಿಂತ ಕ್ಯಾಟಲಿನಾಗಳು, ಎಂಜಿನ್ ಕಳಚಿದ ರೆಕ್ಕೆಗಳು, ವಿಮಾನದ ಮೇಲೆ ಕೆಲಸದಲ್ಲಿ ತೊಡಗಿದ ಭಾರತೀಯ ಕಾರ್ಮಿಕರು ಈ ಚಿತ್ರಗಳಲ್ಲಿ ಕಾಣಸಿಗುತ್ತಾರೆ. ಇಂತಹ ಚಿತ್ರಗಳ ಕಾಲನಿರ್ಣಯಕ್ಕೆ ವಿಮಾನದ ಮಾದರಿಯೇ ಮುಖ್ಯ ಆಧಾರ. ಹಾರ್ಲೋ ಮತ್ತು ಹಾಕ್ ವಿಮಾನಗಳ ಜೋಡಣೆಯ ಚಿತ್ರಗಳು 1941–42ರ ಉತ್ಪಾದನೆಯ ಘಟ್ಟಕ್ಕೆ ಸೇರಿದರೆ, ಅಮೆರಿಕದ ಬಾಂಬರ್ ಮತ್ತು ಸಾಗಣೆ ವಿಮಾನಗಳ ದುರಸ್ತಿಯ ಚಿತ್ರಗಳು 1943ರ ನಂತರದವು. ಎರಡನೆಯ ಬಗೆಯ ಚಿತ್ರಗಳು ತೆಗೆಯಲ್ಪಟ್ಟಾಗ ಕಾರ್ಖಾನೆಯ ಮೇಲೆ ವಾಲ್‌ಚಂದರಿಗೆ ಯಾವ ಅಧಿಕಾರವೂ ಉಳಿದಿರಲಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ತೆರೆಯಲಾದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ 1940ರಿಂದ ಈಚಿನ ವಿಮಾನ ಉದ್ಯಮದ ಬೆಳವಣಿಗೆಯನ್ನು ಛಾಯಾಚಿತ್ರಗಳ ಮೂಲಕ ಪ್ರದರ್ಶಿಸಲಾಗಿದೆ.

ಹಡಗು ನಿರ್ಮಾಣ

ಸಿಂಧಿಯಾ ಕಂಪನಿಯ ಹಡಗು ನಿರ್ಮಾಣ ಕಟ್ಟೆಗೆ 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಡಾ. ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ವಿಮಾನಕ್ಕೆ ದೊರೆತ ಯುದ್ಧಕಾಲದ ಆದ್ಯತೆ ಹಡಗು ನಿರ್ಮಾಣಕ್ಕೆ ದೊರೆಯಲಿಲ್ಲ. 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿನ ವಿಮಾನಗಳು ಬಾಂಬ್ ಹಾಕಿದ್ದರಿಂದ ಕೆಲಸಕ್ಕೆ ಅಡ್ಡಿಯಾಯಿತು. ಇಲ್ಲಿ ನಿರ್ಮಿತವಾದ ಮೊದಲ ಹಡಗು ಜಲ ಉಷಾ. ಇದನ್ನು ಸ್ವಾತಂತ್ರ್ಯಾನಂತರ, 1948ರ ಮಾರ್ಚ್ 14ರಂದು, ಪ್ರಧಾನಿ ಜವಾಹರಲಾಲ್ ನೆಹರೂ ನೀರಿಗಿಳಿಸಿದರು. 1952ರಲ್ಲಿ ಸರ್ಕಾರ ಇದರಲ್ಲಿ ಬಹುಪಾಲಿನ ಒಡೆತನ ಪಡೆದು, ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂಬ ಸಂಸ್ಥೆ ರೂಪುಗೊಂಡಿತು.

ಮೋಟಾರು ವಾಹನ ಉದ್ಯಮ

ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಯೋಜನೆ ರೂಪಿಸಿದ್ದರು. ವಾಲ್‌ಚಂದ್ ಅದನ್ನು ಮುಂದಕ್ಕೆ ಒಯ್ಯಲು ಶ್ರಮಿಸಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಸಿದರು. ಯುದ್ಧಕ್ಕೆ ಇದರಿಂದ ಪ್ರಯೋಜನವಿಲ್ಲವೆಂಬ ನೆಲೆಯಲ್ಲಿ ಬ್ರಿಟಿಷ್ ಆಡಳಿತ ಬೆಂಬಲ ನೀಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, ಮುಂಬಯಿಯ ಕುರ್ಲಾದಲ್ಲಿದ್ದ ಅದರ ಕಾರ್ಖಾನೆಯಿಂದ 1947ರಲ್ಲಿ ಮೊದಲ ವಾಹನಗಳು ಹೊರಬಂದವು.

ಕೊನೆಯ ವರ್ಷಗಳು

1949ರಲ್ಲಿ ಪಾರ್ಶ್ವವಾಯುವಿಗೆ ಗುರಿಯಾದ ವಾಲ್‌ಚಂದ್ 1950ರಲ್ಲಿ ವ್ಯವಹಾರಗಳಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿ ಅವರ ಆರೈಕೆ ನೋಡಿಕೊಂಡರು. ಘಾಟಗೆ ಅವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಬೆಂಗಳೂರಿನಲ್ಲಿ ಹಾರಿತು. ಬಿಡಿಭಾಗಗಳ ಜೋಡಣೆಯಿಂದ ಆರಂಭಿಸಿದ ಕಾರ್ಖಾನೆಯು ಸ್ವಂತ ವಿನ್ಯಾಸದ ವಿಮಾನ ತಯಾರಿಸುವ ಹಂತಕ್ಕೆ ಬಂದದ್ದು ಹೀಗೆ ವಾಲ್‌ಚಂದರ ಜೀವಿತಕಾಲದಲ್ಲಿಯೇ. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ನಿಧನರಾದರು.

ಸ್ಮರಣೆ

ಸಾಂಗ್ಲಿಯ ಎಂಜಿನಿಯರಿಂಗ್ ಕಾಲೇಜು, ಸೊಲ್ಲಾಪುರದ ವಾಲ್‌ಚಂದ್ ತಾಂತ್ರಿಕ ಸಂಸ್ಥೆ ಮತ್ತು ಪುಣೆ ಜಿಲ್ಲೆಯ ವಾಲ್‌ಚಂದ್‌ನಗರ ಅವರ ಹೆಸರನ್ನು ಹೊಂದಿವೆ. ಭಾರತೀಯ ಅಂಚೆ ಇಲಾಖೆ 2004ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1964ರಲ್ಲಿ ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಯೊಡನೆ ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಆಯಿತು. ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ.