ಸಾಣೆ ಬೇಡದ ಅಲಗು

ಬಳಸಿದ ವಸ್ತುವನ್ನು ಮತ್ತೆ ಹದಗೊಳಿಸಿಕೊಂಡು ಬಾಳುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಕುಡುಗೋಲು ಮೊಂಡಾದರೆ ಕಮ್ಮಾರನ ಕುಲುಮೆಗೆ ಹೋಗುತ್ತಿತ್ತು. ಕ್ಷೌರದ ಕತ್ತಿ ಮೊಂಡಾದರೆ ಸಾಣೆಕಲ್ಲನ್ನೂ ಚರ್ಮದ ಪಟ್ಟಿಯನ್ನೂ ಆಶ್ರಯಿಸುತ್ತಿತ್ತು. ಮೊಂಡಾದ ಅಲಗನ್ನು ಮಸೆಯಬೇಕಾಗಿಲ್ಲ, ಎಸೆದು ಹೊಸದನ್ನು ಹಾಕಿಕೊಳ್ಳಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವನು ಕಿಂಗ್ ಕ್ಯಾಂಪ್ ಜಿಲೆಟ್. ಅವನ ಹೆಸರು ಇಂದಿಗೂ ಬ್ಲೇಡಿನ ಪೊಟ್ಟಣದ ಮೇಲಿದೆ. ಅವನ ಬಾಳಿನ ಕಥೆಯನ್ನು ಬಲ್ಲವರು ಮಾತ್ರ ವಿರಳ.

ಜಿಲೆಟ್ ೧೮೫೫ರ ಜನವರಿ ೫ರಂದು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜನಿಸಿದನು. ಅವನು ಬೆಳೆದುದು ಶಿಕಾಗೋ ನಗರದಲ್ಲಿ. ತಂದೆ ವ್ಯಾಪಾರಿ, ತಾಯಿ ಪಾಕಶಾಸ್ತ್ರದ ಗ್ರಂಥವನ್ನು ಬರೆದು ಹೆಸರು ಪಡೆದವಳು. ಯಾವ ವಸ್ತುವನ್ನಾದರೂ ಕೈಯಾರೆ ಬಿಚ್ಚಿ ಜೋಡಿಸಿ ಅದರ ಮರ್ಮವನ್ನು ಅರಿಯುವ ಹವ್ಯಾಸ ಆ ಮನೆಯಲ್ಲಿತ್ತು. ೧೮೭೧ರಲ್ಲಿ ಶಿಕಾಗೋ ನಗರವನ್ನು ಭೀಕರವಾದ ಬೆಂಕಿ ಆವರಿಸಿತು. ಆ ಅಗ್ನಿಯಲ್ಲಿ ತಂದೆಯ ವ್ಯಾಪಾರವೆಲ್ಲ ಬೂದಿಯಾಯಿತು. ಹದಿಹರೆಯದ ಜಿಲೆಟ್ ವ್ಯಾಪಾರದ ಪ್ರತಿನಿಧಿಯಾಗಿ ಊರೂರು ಅಲೆಯತೊಡಗಿದನು. ಬಿಡುವಿನಲ್ಲಿ ಸಣ್ಣಪುಟ್ಟ ಉಪಕರಣಗಳನ್ನು ರಚಿಸಿದನಾದರೂ ಅವುಗಳಿಂದ ಹೇಳಿಕೊಳ್ಳುವಂತಹ ಲಾಭವೇನೂ ದೊರೆಯಲಿಲ್ಲ.

೧೮೯೧ರಲ್ಲಿ ಅವನು ಬಾಟಲಿಯ ಬಿರಡೆಗಳನ್ನು ತಯಾರಿಸುವ ಕಂಪನಿಯೊಂದನ್ನು ಸೇರಿದನು. ಅಲ್ಲಿದ್ದ ವಿಲಿಯಂ ಪೇಂಟರ್ ಎಂಬಾತನು ತವರದ ಬಿರಡೆಯನ್ನು ಕಂಡುಹಿಡಿದವನು. ಬಾಟಲಿಯನ್ನು ತೆರೆದೊಡನೆ ಬಿರಡೆ ಕಸವಾಗುತ್ತಿತ್ತು. ಕೊಳ್ಳುವವರು ಮತ್ತೆ ಮತ್ತೆ ಬರುತ್ತಿದ್ದರು. ಒಮ್ಮೆ ಬಳಸಿ ಎಸೆಯುವಂತಹ ವಸ್ತುವನ್ನು ಕಂಡುಹಿಡಿಯುವಂತೆ ಪೇಂಟರ್ ಜಿಲೆಟ್‌ಗೆ ಸೂಚಿಸಿದನು. ಈ ಸೂಚನೆ ಅವನ ಮನಸ್ಸಿನಲ್ಲಿ ಬೇರೂರಿತು.

೧೮೯೫ರ ಒಂದು ಬೆಳಗ್ಗೆ ಕ್ಷೌರಕ್ಕೆ ತೊಡಗಿದಾಗ ಅವನ ಕತ್ತಿ ಮೊಂಡಾಗಿತ್ತು. ಚರ್ಮದ ಪಟ್ಟಿಗೆ ಎಳೆದರೂ ಅದಕ್ಕೆ ಹರಿತ ಬರುವಂತಿರಲಿಲ್ಲ. ಸಾಣೆ ಹಿಡಿಯುವವನ ಬಳಿಗೇ ಒಯ್ಯಬೇಕಾಗಿತ್ತು. ಅಲಗಿನಲ್ಲಿ ಕೂದಲನ್ನು ಕತ್ತರಿಸುವುದು ತೆಳುವಾದ ಅಂಚು ಮಾತ್ರ. ಹಾಗಿರುವಾಗ ಇಷ್ಟು ದಪ್ಪನೆಯ ಉಕ್ಕೇಕೆ ಎಂಬ ಯೋಚನೆ ಅವನಿಗೆ ಹೊಳೆಯಿತು. ಕಾಗದದಂತಹ ಉಕ್ಕಿನ ಹಾಳೆಗೆ ಎರಡು ಕಡೆಯೂ ಅಂಚು ಹಿಡಿದು, ಅದನ್ನು ಹಿಡಿಕೆಯೊಂದರಲ್ಲಿ ಬಿಗಿದರೆ ಸಾಕು. ಮೊಂಡಾದಾಗ ಹಾಳೆಯನ್ನು ಬದಲಿಸಬಹುದು, ಹಿಡಿಕೆ ಉಳಿಯುತ್ತದೆ.

ಯೋಚನೆ ಸುಲಭವಾಗಿತ್ತು, ಸಾಧನೆ ಕಠಿಣವಾಗಿತ್ತು. ತೆಳುವಾದ ಉಕ್ಕನ್ನು ಕಾಯಿಸಿ ಗಡುಸುಗೊಳಿಸಿದರೆ ಅದು ಸೊಟ್ಟಗಾಗುತ್ತಿತ್ತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪರಿಣತರು ಈ ಕಾರ್ಯವನ್ನು ಕೈಬಿಡುವಂತೆ ಹೇಳಿದರು. ಜಿಲೆಟ್ ಎದೆಗುಂದಲಿಲ್ಲ, ಆರು ವರ್ಷ ಅದನ್ನೇ ಹಿಡಿದು ನಡೆದನು. ಕೊನೆಗೆ ಅದೇ ಸಂಸ್ಥೆಯಲ್ಲಿ ಕಲಿತಿದ್ದ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರನು ಉಕ್ಕನ್ನು ಗಡುಸುಗೊಳಿಸುವ ಹಾಗೂ ಅಂಚು ಹಿಡಿಯುವ ಯಂತ್ರಗಳನ್ನು ರೂಪಿಸಿದನು. ೧೯೦೧ರಲ್ಲಿ ಕಂಪನಿ ಸ್ಥಾಪನೆಯಾಯಿತು. ೧೯೦೩ರಲ್ಲಿ ಮಾರಾಟವಾದುದು ೫೧ ರೇಜರುಗಳು, ೧೬೮ ಬ್ಲೇಡುಗಳು. ಮರುವರ್ಷ ರೇಜರುಗಳ ಸಂಖ್ಯೆ ೯೦,೦೦೦ವನ್ನು ಮೀರಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರಕಾರ ತನ್ನ ಸೈನಿಕರಿಗಾಗಿ ೩೫ ಲಕ್ಷ ರೇಜರುಗಳನ್ನು ಕೊಂಡಿತು. ಯುದ್ಧ ಮುಗಿಸಿ ಮನೆಗೆ ಮರಳಿದ ಸೈನಿಕರು ಈ ಹೊಸ ಅಭ್ಯಾಸವನ್ನೂ ತಮ್ಮೊಡನೆ ಕೊಂಡೊಯ್ದರು. ಕಂಪನಿಯ ಒಡೆಯನ ಭಾವಚಿತ್ರವನ್ನು ಹೊತ್ತ ಬ್ಲೇಡಿನ ಹೊದಿಕೆ ದೇಶದೇಶಗಳಿಗೆ ಹೋಯಿತು.

ತನ್ನ ಬ್ಲೇಡಿಗೆ ಸಾಣೆಯಾಗಲಿ ಪಟ್ಟಿಯಾಗಲಿ ಬೇಡವೆಂದು ಕಂಪನಿ ಸಾರಿತು. ಆದರೆ ಜನರ ಮಿತವ್ಯಯದ ಬುದ್ಧಿ ಅಷ್ಟು ಸುಲಭವಾಗಿ ಸೋಲಲಿಲ್ಲ. ಹಳೆಯ ಬ್ಲೇಡನ್ನು ಮನೆಯಲ್ಲಿಯೇ ಮಸೆಯುವ ಉಪಕರಣಗಳು ಪೇಟೆಗೆ ಬಂದವು. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆಯೊಳಗೆ ಬ್ಲೇಡನ್ನಿಟ್ಟು ಹಿಡಿಯನ್ನು ತಿರುವಿದರೆ, ಚರ್ಮದ ಉರುಳೆಗಳು ಅದರ ಅಂಚುಗಳನ್ನು ತೀಡುತ್ತಿದ್ದವು. ಹೆನ್ರಿ ಗೈಸ್ಮನ್ ಎಂಬಾತನ ಆಟೋಸ್ಟ್ರಾಪ್ ರೇಜರಿನಲ್ಲಿ ಬ್ಲೇಡನ್ನು ಹೊರತೆಗೆಯುವ ಅಗತ್ಯವೇ ಇರಲಿಲ್ಲ. ರೇಜರಿನ ತಲೆಯೊಳಗೆ ಚರ್ಮದ ಪಟ್ಟಿಯನ್ನು ತೂರಿಸಿ ಹಿಂದೆ ಮುಂದೆ ಎಳೆದರೆ ಸಾಕಾಗಿತ್ತು. ಇವನ್ನು ಕೊಳ್ಳಲಾರದವರು ಗಾಜಿನ ಲೋಟವನ್ನೇ ಸಾಣೆಯಾಗಿಸಿದರು. ಜೋಯಿಡಾದ ಕಾಡಂಚಿನ ಮನೆಯಿರಲಿ, ಹಳಿಯಾಳ ಮುಂಡಗೋಡುಗಳ ರೈತನ ಮನೆಯಿರಲಿ, ದಾಂಡೇಲಿಯ ಕಾರ್ಖಾನೆಯ ಕಾರ್ಮಿಕನ ಬಿಡಾರವಿರಲಿ, ಬ್ಲೇಡೊಂದನ್ನು ಒಂದೇ ಕ್ಷೌರಕ್ಕೆ ಎಸೆಯುವ ಸ್ಥಿತಿ ಸಾಮಾನ್ಯರಿಗೆ ಎಲ್ಲಿಯೂ ಇರಲಿಲ್ಲ. ಲೋಟದ ಒಳಮೈಯನ್ನು ಒದ್ದೆ ಮಾಡಿ, ಬ್ಲೇಡನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಅದು ಇನ್ನೂ ಕೆಲವು ದಿನ ಬಾಳುತ್ತಿತ್ತು. ಅನಂತರವೂ ಅದಕ್ಕೆ ಬಿಡುಗಡೆಯಿಲ್ಲ. ದರ್ಜಿಯ ಕೈಯಲ್ಲಿ ಹೊಲಿಗೆ ಬಿಚ್ಚುವ, ಶಾಲೆಯ ಮಕ್ಕಳ ಪೆನ್ಸಿಲನ್ನು ಹೆರೆಯುವ ಕೆಲಸ ಕಾದಿರುತ್ತಿತ್ತು.

ಎಸೆಯುವ ವಸ್ತುವಿನಿಂದ ಸಿರಿವಂತನಾದ ಜಿಲೆಟ್‌ನ ಅಂತರಂಗ ಮಾತ್ರ ವಿಚಿತ್ರವಾದುದು. ಅಪವ್ಯಯವನ್ನು ಅವನು ಮನಸಾರೆ ದ್ವೇಷಿಸುತ್ತಿದ್ದನು. ವ್ಯಾಪಾರದ ಪೈಪೋಟಿಯಿಂದ ಮನುಷ್ಯನ ಶ್ರಮ ಪೋಲಾಗುತ್ತದೆ ಎಂಬುದನ್ನು ೧೮೯೪ರಲ್ಲಿಯೇ ಒಂದು ಗ್ರಂಥದಲ್ಲಿ ಪ್ರತಿಪಾದಿಸಿದ್ದನು. ನಯಾಗರಾ ಜಲಪಾತದ ಶಕ್ತಿಯಿಂದ ಬೆಳಗುವ ಮಹಾನಗರ, ಜನರೆಲ್ಲರೂ ಒಡೆಯರಾಗಿರುವ ಒಂದೇ ಸಂಸ್ಥೆ, ಬಡತನವಿಲ್ಲದ ಬಾಳು ಇವು ಅವನ ಕನಸುಗಳು. ಇಂತಹ ಸಂಸ್ಥೆಗೆ ಅಧ್ಯಕ್ಷನಾಗುವಂತೆ ಮಾಜಿ ರಾಷ್ಟ್ರಾಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್‌ನನ್ನು ಹತ್ತು ಲಕ್ಷ ಡಾಲರುಗಳ ಸಂಬಳದೊಡನೆ ಆಹ್ವಾನಿಸಿದನು, ರೂಸ್‌ವೆಲ್ಟ್ ಒಪ್ಪಲಿಲ್ಲ. ಕನಸು ಕನಸಾಗಿಯೇ ಉಳಿಯಿತು.

ಮುಪ್ಪಿನಲ್ಲಿ ಅದೃಷ್ಟ ಬೆನ್ನು ತಿರುಗಿಸಿತು. ೧೯೨೯ರ ಆರ್ಥಿಕ ಕುಸಿತದಲ್ಲಿ ಜಿಲೆಟ್ ತನ್ನ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡನು. ಹೊಸ ಬ್ಲೇಡಿನ ಹಕ್ಕನ್ನು ಕುರಿತು ಅವನ ಕಂಪನಿಗೂ ಗೈಸ್ಮನ್‌ನ ಕಂಪನಿಗೂ ವಿವಾದ ಉಂಟಾಗಿ, ೧೯೩೦ರಲ್ಲಿ ಅವೆರಡೂ ಒಂದಾದವು. ಆಡಳಿತದ ಸೂತ್ರ ಗೈಸ್ಮನ್‌ನ ಕೈ ಸೇರಿತು. ಮಸೆಯುವುದು ಬೇಡವೆಂದವನ ಕಂಪನಿಗೆ, ಮಸೆಯುವ ರೇಜರನ್ನು ಮಾಡಿದವನೇ ನಾಯಕನಾದನು! ೧೯೩೧ರಲ್ಲಿ ಜಿಲೆಟ್ ಅಧ್ಯಕ್ಷ ಪದವಿಯನ್ನು ತ್ಯಜಿಸಿದನು. ೧೯೩೨ರ ಜುಲೈ ೯ರಂದು ಕ್ಯಾಲಿಫೋರ್ನಿಯಾದಲ್ಲಿ ಕೊನೆಯುಸಿರೆಳೆದನು.

ಮೆತ್ತನೆಯ ಕೂದಲು ಗಟ್ಟಿಯಾದ ಉಕ್ಕನ್ನು ಹೇಗೆ ಮೊಂಡಾಗಿಸುತ್ತದೆ? ಇದಕ್ಕೆ ವಿವರಣೆ ದೊರೆತುದು ೨೦೨೦ರಲ್ಲಿ, ಅದೂ ಜಿಲೆಟ್‌ಗೆ ಅಸಾಧ್ಯವೆಂದು ಹೇಳಿದ ಅದೇ ಮಸಾಚುಸೆಟ್ಸ್ ಸಂಸ್ಥೆಯಲ್ಲಿ. ಉಕ್ಕಿನ ಒಳರಚನೆ ಎಲ್ಲ ಕಡೆ ಸಮನಾಗಿರುವುದಿಲ್ಲ. ಕೂದಲು ಬಾಗಿ ದುರ್ಬಲವಾದ ಸ್ಥಳವನ್ನು ಒತ್ತಿದಾಗ ಅಂಚಿನಿಂದ ಅತಿ ಸೂಕ್ಷ್ಮವಾದ ಚಕ್ಕೆ ಏಳುತ್ತದೆ. ಬಾಗಿದ ಅಂಚನ್ನು ಲೋಟದ ಗಾಜು ನೇರಗೊಳಿಸಬಲ್ಲದು. ಎದ್ದುಹೋದ ಚಕ್ಕೆಯನ್ನು ಮರಳಿ ಕೂಡಿಸಲಾರದು. ಆದುದರಿಂದ ಬ್ಲೇಡನ್ನು ಎಸೆಯಬೇಕಾದ ದಿನವೊಂದು ಬಂದೇ ಬರುತ್ತದೆ.

ಜಿಲೆಟ್‌ನ ಸಾಧನೆ ಕೋಟ್ಯಂತರ ಜನರಿಗೆ ಸುರಕ್ಷಿತವಾದ ಕ್ಷೌರವನ್ನು ಒದಗಿಸಿತು. ಅದು ತೋರಿದ ದಾರಿಯಲ್ಲಿ ನಡೆದ ಜಗತ್ತು ಇಂದು ಎಸೆಯಬಾರದುದನ್ನೂ ಎಸೆಯುತ್ತಿದೆ. ಊರ ಹೊರಗೆ ಕಸದ ರಾಶಿಗಳು ಬೆಳೆಯುತ್ತಿವೆ. ಯಾವುದನ್ನು ಎಸೆಯಬೇಕು, ಯಾವುದನ್ನು ಮಸೆದು ಬಾಳಿಸಬೇಕು ಎಂಬ ವಿವೇಕವನ್ನು ಯಂತ್ರಗಳು ನಮಗೆ ಕೊಡಲಾರವು. ಅದನ್ನು ನಾವೇ ಗಳಿಸಿಕೊಳ್ಳಬೇಕು.