ಮಡಚಿದ ಬೆರಳುಗಳನ್ನು ಬಿಡಿಸಿದ ಡಾ. ಪೌಲ್ ಬ್ರ್ಯಾಂಡ್

ಕುಷ್ಠರೋಗಿಗಳ ಸೇವೆಯೆಂದರೆ ನಮ್ಮ ಕರಾವಳಿಯವರಿಗೆ ಮೊದಲು ನೆನಪಾಗುವವರು 1890ರಲ್ಲಿ ಕಂಕನಾಡಿಯಲ್ಲಿ ಅವರಿಗಾಗಿ ಆಶ್ರಮ ತೆರೆದ ಜೆಸುಯಿಟ್ ಗುರು ವಂದನೀಯ ಅಗಸ್ಟಸ್ ಮುಲ್ಲರ್. ಅಂದು ರೋಗಿಗೆ ಆಶ್ರಯ ಸಿಕ್ಕಿತು, ಆರೈಕೆ ಸಿಕ್ಕಿತು. ಮುದುಡಿದ ಕೈಯ ಗತಿ ಏನು ಎಂದು ಕೇಳುವವರು ಮಾತ್ರ ಬಹಳ ವರ್ಷ ಬರಲಿಲ್ಲ. ಆ ಪ್ರಶ್ನೆಯನ್ನು ಕೈಗೆತ್ತಿಕೊಂಡ ಡಾ. ಪೌಲ್ ಬ್ರ್ಯಾಂಡ್ ಕಥೋಲಿಕರಲ್ಲ, ಪ್ರೊಟೆಸ್ಟಂಟ್ ಮಿಷನರಿ ದಂಪತಿಯ ಮಗ. ಆದರೂ ಇಂದು ಕಲಬುರಗಿಯ ಸೇಡಂ ರಸ್ತೆಯಲ್ಲಿರಲಿ, ಕಂಕನಾಡಿಯಲ್ಲಿರಲಿ, ಕೈಗೆ ಪ್ಲಾಸ್ಟರ್ ಹಾಕಲು, ಸ್ಪ್ಲಿಂಟ್ ಕಟ್ಟಲು ಕಲಿಯುವವರೆಲ್ಲ ಅವರಿಗೆ ಋಣಿಗಳೇ.

1914ರ ಜುಲೈ 17ರಂದು ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಜನಿಸಿದ ಅವರನ್ನು ಒಂಬತ್ತನೇ ವಯಸ್ಸಿನಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. 1929ರಲ್ಲಿ ತಂದೆ ಬೆಟ್ಟದಲ್ಲೇ ಜ್ವರದಿಂದ ತೀರಿಕೊಂಡರು. ಮಗ ಮತ್ತೆ ಅವರ ಮುಖ ಕಾಣಲಿಲ್ಲ. ಪೌಲ್ ಮೊದಲು ಕಲಿತದ್ದು ಬಡಗಿ ಮತ್ತು ಗಾರೆ ಕೆಲಸ, ವೈದ್ಯಶಾಸ್ತ್ರ ಆಮೇಲೆ. ಆ ಬಡಗಿಯ ಕಣ್ಣೇ ಮುಂದೆ ಕೆಲಸಕ್ಕೆ ಬಂತು.

1946ರಲ್ಲಿ ವೆಲ್ಲೂರಿಗೆ ಬಂದ ಅವರು ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಭೇಟಿ ನೀಡಿದರು. ಉಗುರುಗಳು ಅಂಗೈಗೆ ಮಡಚಿದ್ದ ಕೈಯೊಂದನ್ನು ಹಿಡಿದಾಗ ಅದರ ಬಿಗಿ ಹಿಡಿತ ಕಂಡು ಬೆರಗಾದರು. ಸ್ನಾಯುಗಳೆಲ್ಲ ಸತ್ತಿರಲಿಲ್ಲ. ಕೆಲವು ನರಗಳು ಮಾತ್ರ ಕೆಟ್ಟಿದ್ದವು. ಗಟ್ಟಿಯಿದ್ದ ಸ್ನಾಯುವಿನ ತಂತುವನ್ನು ಬೇರೆ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಹೀಗೆ ಆರಂಭವಾಯಿತು.

ಆದರೆ ಕತ್ತಿ ಹಿಡಿಯುವ ಮೊದಲು ಗಂಟು ಬಿಗಿದ ಬೆರಳು ಸಡಿಲವಾಗಬೇಕು. ಅದನ್ನು ಎಳೆದು ನೇರ ಮಾಡುವಂತಿಲ್ಲ. ಬೆರಳಿಗೆ ತೆಳುವಾದ ಪ್ಲಾಸ್ಟರ್ ಸುತ್ತಿ, ಕೆಲವು ದಿನಗಳ ನಂತರ ಬಿಚ್ಚಿ, ತಾನಾಗಿ ಬಂದಷ್ಟು ಬಿಡಿಸಿ ಮತ್ತೆ ಸುತ್ತಬೇಕು. ಸ್ಪರ್ಶವಿಲ್ಲದ ರೋಗಿ ನೋಯುತ್ತಿದೆ ಎಂದು ಹೇಳಲಾರ. ಆದ್ದರಿಂದ ಬೆರಳು ಕೆಂಪಾಗಿದೆಯೇ, ಬಿಸಿಯೇರಿದೆಯೇ ಎಂದು ಕಟ್ಟುವವರೇ ಮುಟ್ಟಿ ನೋಡಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು.

ಕೈ ಸರಿಯಾದವರು ಸಂತೋಷಪಟ್ಟರೆಂದು ನಾವು ಭಾವಿಸುತ್ತೇವೆ. ಕೆಲವರು ದೂರಿದರು! ನೆಟ್ಟಗಾದ ಕೈಗೆ ಭಿಕ್ಷೆ ಬೀಳದು, ಕುಷ್ಠರೋಗಿಗೆ ಕೆಲಸ ಕೊಡುವವರೂ ಇಲ್ಲ. ಅದಕ್ಕಾಗಿ ಡಾಕ್ಟರು ವೆಲ್ಲೂರಿನಲ್ಲಿ ನವಜೀವ ನಿಲಯವನ್ನು ಆರಂಭಿಸಿ ಬಡಗಿ ಕೆಲಸ ಕಲಿಸಿದರು. ಅಲ್ಲಿ ಪ್ರತಿಯೊಂದು ಗಾಯದ ಕಾರಣ ಹುಡುಕಿದಾಗ ತಿಳಿದದ್ದೇನೆಂದರೆ, ರೋಗ ಬೆರಳನ್ನು ತಿನ್ನುವುದಿಲ್ಲ. ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ಒರಟು ಹಿಡಿಕೆಗೆ ಉಜ್ಜುತ್ತದೆ. ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದವರಿದ್ದರು. ಅವರಿಗೆ ಬೆಕ್ಕು ಸಾಕಲು ಕೊಡಲಾಯಿತು.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ತೆರಳಿದರು. ಅಲ್ಲಿ 1896ರಿಂದಲೂ ದಾದಿಯರಾಗಿ ಸೇವೆ ಸಲ್ಲಿಸುತ್ತಿದ್ದವರು ಡಾಟರ್ಸ್ ಆಫ್ ಚಾರಿಟಿ ಧರ್ಮಭಗಿನಿಯರು. ಪಾದದ ಹುಣ್ಣಿಗೆ ಇಡೀ ಅಂಗಾಲಿಗೆ ಅಂಟುವಂತೆ ಹಾಕುವ ಪ್ಲಾಸ್ಟರ್, ಮುಂದೆ ಸಕ್ಕರೆ ಕಾಯಿಲೆಯವರ ಕಾಲುಗಳನ್ನೂ ಉಳಿಸಿದ್ದು, ಹೆಸರಾದದ್ದು ಅಲ್ಲಿಂದಲೇ. ಕೈಯ ಚಲನೆಯ ಬಗ್ಗೆ ಅವರು 1985ರಲ್ಲಿ ಬರೆದ ಗ್ರಂಥವನ್ನು ಕೈ ಚಿಕಿತ್ಸಕರು ಈಗಲೂ ಓದುತ್ತಾರೆ. 2003ರ ಜುಲೈ 8ರಂದು ಸಿಯಾಟಲ್‌ನಲ್ಲಿ ಅವರು ದೈವಾಧೀನರಾದರು.