ಶೋಕದ ನಡುವೆ ಮೊಣಕಾಲೂರಿದ ಕವಿ

ಒಂಬತ್ತು ವರ್ಷದ ಮಗನನ್ನು ಮಣ್ಣಿಗೊಪ್ಪಿಸಿ ಬಂದ ತಂದೆಗೆ ಮತ್ತೆ ದೇವರ ಮುಂದೆ ಮೊಣಕಾಲೂರಲು ಸಾಧ್ಯವೇ? ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು ಈ ವಾರ ನಾವು ಇಟಲಿಯ ಮಹಾಕವಿ ಜುಸೆಪ್ಪೆ ಉಂಗರೆತ್ತಿಯವರ ಬಾಳಿನತ್ತ ದೃಷ್ಟಿ ಹಾಯಿಸೋಣ.

ಉಂಗರೆತ್ತಿಯವರು 1888ರ ಫೆಬ್ರವರಿ 8ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಜನಿಸಿದರು. ತಂದೆತಾಯಿಯರು ಇಟಲಿಯ ಲುಕ್ಕಾ ಪ್ರಾಂತದಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರು. ಸುಯೆಜ್ ಕಾಲುವೆಯಲ್ಲಿ ಕೂಲಿಯಾಗಿ ದುಡಿದ ತಂದೆ 1890ರಲ್ಲಿ ತೀರಿಕೊಂಡಾಗ ಮಗುವಿಗೆ ಕೇವಲ ಎರಡು ವರ್ಷ. ವಿಧವೆ ತಾಯಿ ಬೇಕರಿ ನಡೆಸಿ ಮಕ್ಕಳನ್ನು ಸಾಕಿದಳು. ಆಕೆ ದೈವಭಕ್ತೆ, ಮಗನಾದರೋ ಯೌವನದಲ್ಲಿ ಅರಾಜಕತಾವಾದಿಗಳ ಒಡನಾಟಕ್ಕೆ ಬಿದ್ದು ವಿಶ್ವಾಸದಿಂದ ದೂರ ಸರಿದನು.

1912ರಲ್ಲಿ ಅವರು ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ತೆರಳಿದರು. ಮರುವರ್ಷವೇ, ಅಲ್ಲಿ ಒಂದೇ ವಸತಿಗೃಹದಲ್ಲಿದ್ದ ಬಾಲ್ಯಮಿತ್ರ ಮೊಹಮ್ಮದ್ ಶೆಯಾಬ್ ಆತ್ಮಹತ್ಯೆ ಮಾಡಿಕೊಂಡನು. ಆ ಗಾಯ ಆರುವ ಮೊದಲೇ ಮಹಾಯುದ್ಧ ಬಂದಿತು. ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ ಉಂಗರೆತ್ತಿಯವರು ಕಾರ್ಸೋ ಎಂಬ ಕಲ್ಲುನೆಲದ ಕಂದಕಗಳಲ್ಲಿ ಸಾವನ್ನು ಸಮೀಪದಿಂದ ಕಂಡರು. ಕೈಗೆ ಸಿಕ್ಕಿದ ಕಾಗದದ ಚೂರುಗಳಲ್ಲಿ ಅವರು ಬರೆದಿಟ್ಟ ಕವನಗಳನ್ನು ಎತ್ತೋರೆ ಸೆರ್ರಾ ಎಂಬ ಅಧಿಕಾರಿ 1916ರಲ್ಲಿ ಊದಿನೆ ನಗರದಲ್ಲಿ ಮುದ್ರಿಸಿದನು. ಪ್ರತಿಗಳು ಕೇವಲ 80. ಹೂತುಹೋದ ಬಂದರು ಎಂಬರ್ಥದ ಹೆಸರಿನ ಆ ಪುಟ್ಟ ಪುಸ್ತಕದಲ್ಲಿ ಅಲಂಕಾರವಿರಲಿಲ್ಲ, ಲೇಖನಚಿಹ್ನೆಗಳೂ ಇರಲಿಲ್ಲ. ಕೆಲವು ಸಾಲುಗಳು ಒಂದೆರಡು ಪದಗಳಷ್ಟೇ. ಇಟಾಲಿಯನ್ ಕಾವ್ಯದ ಹೊಸ ಹಾದಿ ಅಲ್ಲಿಂದಲೇ ತೆರೆಯಿತು.

ಅವರ ಬಾಳಿನಲ್ಲಿ ಕಳಂಕವೂ ಇತ್ತೆಂಬುದನ್ನು ನಾವು ಮರೆಮಾಚಬಾರದು. ಅವರು ಮುಸೊಲಿನಿಯ ಪಕ್ಷವನ್ನು ಬೆಂಬಲಿಸಿದರು. 1923ರ ಆವೃತ್ತಿಗೆ ಮುನ್ನುಡಿ ಬರೆದವನೂ ಆ ಸರ್ವಾಧಿಕಾರಿಯೇ.

1928ರ ಪವಿತ್ರ ವಾರವನ್ನು ಉಂಗರೆತ್ತಿಯವರು ಸಂತ ಬೆನೆಡಿಕ್ಟರ ನೆನಪಿನ ಸುಬಿಯಾಕೋ ಮಠದಲ್ಲಿ ಕಳೆದರು. ಅಲ್ಲಿಂದ ಮರಳುವಾಗ ಬಾಲ್ಯದ ವಿಶ್ವಾಸ ಅವರಲ್ಲಿ ಮತ್ತೆ ಚಿಗುರಿತ್ತು. ತಾಯಿ ಮೃತಳಾದ ಬಳಿಕ ಅವರು ಬರೆದ ಕವನದಲ್ಲಿ ಆ ತಾಯಿ ದೇವರ ಸನ್ನಿಧಿಯಲ್ಲಿ ಮೊಣಕಾಲೂರಿ ಮಗನಿಗಾಗಿ ಕಾಯುತ್ತಾಳೆ. ಅವನಿಗೆ ಕ್ಷಮೆ ದೊರೆತ ಬಳಿಕವೇ ಅವನತ್ತ ಕಣ್ಣೆತ್ತುತ್ತಾಳೆ.

ಕಠಿಣ ಪರೀಕ್ಷೆಗಳು ಆ ಬಳಿಕ ಎದುರಾದವು. 1936ರಲ್ಲಿ ಬ್ರೆಜಿಲಿನ ಸಾವೋ ಪಾವ್ಲೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಲು ಅವರು ಸಂಸಾರಸಮೇತ ಹೊರಟರು. 1937ರಲ್ಲಿ ಅಣ್ಣ ಕೊಸ್ತಾಂತೀನೋ ತೀರಿಕೊಂಡರು. 1939ರಲ್ಲಿ ಮಗ ಅಂತೋನಿಯೆತ್ತೋ ಅಪೆಂಡಿಸೈಟಿಸ್ ರೋಗಕ್ಕೆ ಸರಿಯಾದ ಚಿಕಿತ್ಸೆಯಾಗದೆ ಅಸುನೀಗಿದನು. 1942ರಲ್ಲಿ ರೋಮಿಗೆ ಹಿಂದಿರುಗಿದ ಕವಿಯ ಕಣ್ಣೆದುರೇ, ಮರುವರ್ಷ ನಾಜಿ ಸೇನೆ ಆ ನಗರವನ್ನು ವಶಪಡಿಸಿಕೊಂಡು ಜನರನ್ನು ಹಿಡಿದೊಯ್ಯತೊಡಗಿತು.

1947ರಲ್ಲಿ ಪ್ರಕಟವಾದ ಅವರ ಸಂಕಲನಕ್ಕೆ ಅವರಿಟ್ಟ ಹೆಸರು ನೋವು ಎಂದಷ್ಟೇ. ಅದರಲ್ಲಿ ಅಣ್ಣನಿಗಾಗಿ ಅತ್ತ, ಮಗನಿಗಾಗಿ ದಿನದಿನವೂ ಹಂಬಲಿಸಿದ ಕವನಗಳ ಜತೆಗೆ ರೋಮಿನ ಜನರ ಸಂಕಟವೂ ಸೇರಿಕೊಂಡಿತು. ಅಲ್ಲಿ ಕವಿ ಪ್ರಭು ಕ್ರಿಸ್ತನನ್ನು ಮಾನವರ ನೋವನ್ನು ಹೊರುವ ಸಹೋದರನೆಂದು ಕರೆದು ಪ್ರಾರ್ಥಿಸುತ್ತಾರೆ. ತನ್ನ ಮನೆಯೊಳಗಿನ ದುಃಖದಿಂದಲೇ ಅವರು ನೆರೆಯವರ ದುಃಖವನ್ನು ಅರಿತರು.

1970ರ ಜೂನ್ ಮೊದಲಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ ಅವರು ಮಿಲಾನಿನಲ್ಲಿ ನಿಧನರಾದರು. ಮಗನನ್ನು ಕಳೆದುಕೊಂಡ ವೇದನೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ನಮ್ಮ ಕುಟುಂಬಗಳಲ್ಲೂ ಮೃತರ ಭಾವಚಿತ್ರದ ಮುಂದೆ ಮೌನವಾಗಿ ಕಣ್ಣೀರಿಡುವವರಿದ್ದಾರೆ. ಅಳುವುದು ಅವಿಶ್ವಾಸವೆಂದು ಅವರಿಗೆ ಹೇಳುವ ಮೊದಲು ನಾವು ಈ ಕವಿಯನ್ನೊಮ್ಮೆ ನೆನೆಯೋಣ.